ದೊಡ್ಡಮುನಿಯಪ್ಪನ ಹನ್ನೊಂದು ಮೈಕ್ರಾನ್

ಮಾಕಳಿಯ ಗ್ರಾನೈಟು ಶೆಡ್ಡುಗಳಲ್ಲಿ ದೊಡ್ಡಮುನಿಯಪ್ಪನ ಹೆಸರು ಹೇಳಿ ನೋಡಿ. ‘ಓ, ಕಲ್ಲು ಡೊಂಕು ಮಾಡಿದೋನಾ’ ಅಂತ ಒಬ್ಬ ಅನ್ನುತ್ತಾನೆ, ಪಕ್ಕದವನು ನಗುತ್ತಾನೆ. ನಗುವವರಲ್ಲಿ ಅರ್ಧ ಜನ ಅವನ ಕೈಕೆಳಗೇ ಕೆಲಸ ಕಲಿತವರು. ಉಂಡ ಮನೆಯ ಜಂತೆ ಎಣಿಸುವವರು ಅಂದರೆ ಇಂಥವರೇ. ಮೂವತ್ತನಾಲ್ಕು ವರ್ಷದಲ್ಲಿ ಆ ಮನುಷ್ಯ ಡೊಂಕು ಬಿಟ್ಟದ್ದು ಒಂದೇ ಒಂದು ಕಲ್ಲು, ಅದೂ ದೊಡ್ಡವರು ಕೂತು ಕೇಳಿಕೊಂಡರು ಅಂತ. ಕೇಳಿಕೊಂಡವರು ಇವತ್ತಿಗೂ ಹೆಬ್ಬಾಳದ ಫ್ಲೈಓವರಿನ ಮೇಲೆ ಎಸಿ ಕಾರಿನಲ್ಲಿ ಹೋಗಿ ಬಂದು ಮಾಡಿಕೊಂಡಿದ್ದಾರೆ.

ಅವನು ಹುಟ್ಟಿದ್ದು ಚಿಕ್ಕಜಾಲದಲ್ಲಿ. ಅಪ್ಪ, ತಾತ ಇಬ್ಬರೂ ಬಂಡೆ ಒಡೆದು ಬದುಕಿದವರು. ಬಂಡೆ ಒಡೆಯುವುದು ಒಂದು ವಿದ್ಯೆ, ಒಡೆದ ಬಂಡೆಯನ್ನು ಮಟ್ಟ ಮಾಡುವುದು ಇನ್ನೊಂದು. ಆ ಎರಡನೆಯದನ್ನು ಅವನು ಕಲಿತದ್ದು ಇಪ್ಪತ್ತಮೂರನೇ ವಯಸ್ಸಿನಲ್ಲಿ, ಮಾಕಳಿಯ ಸೇತುರಾಮಯ್ಯನವರ ಶೆಡ್ಡಿಗೆ ಸೇರಿದ ಮೇಲೆ. ಕಾರ್ಖಾನೆಗಳಲ್ಲಿ ಯಂತ್ರದ ಬಿಡಿಭಾಗಗಳನ್ನು ಇಟ್ಟು ಅಳತೆ ನೋಡುವುದಕ್ಕೆ ಕಪ್ಪು ಗ್ರಾನೈಟಿನ ಮೇಜು ಬೇಕು. ಆ ಮೇಜಿನ ಮೈ ನೀರು ನಿಂತ ಹಾಗೆ ಸಮ ಇರಬೇಕು. ಯಂತ್ರ ಕಲ್ಲನ್ನು ಕೊಯ್ದು, ಉಜ್ಜಿ, ಒಂದು ಹದಕ್ಕೆ ತಂದು ಕೈಬಿಡುತ್ತದೆ. ಅಲ್ಲಿಂದಾಚೆ ಮನುಷ್ಯನ ಕೈಯೇ ಗತಿ. ಎರಕದ ಕಬ್ಬಿಣದ ಪಟ್ಟಿಗೆ ವಜ್ರದ ಪುಡಿಯ ಪೇಸ್ಟು ಹಚ್ಚಿ, ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ತಿಕ್ಕಬೇಕು. ತಿಕ್ಕಿದರೆ ಕಲ್ಲು ಬಿಸಿಯಾಗುತ್ತದೆ, ಬಿಸಿಯಾದ ಕಲ್ಲು ಉಬ್ಬಿಕೊಂಡು ಸುಳ್ಳು ಹೇಳುತ್ತದೆ. ಅದು ತಣ್ಣಗಾಗುವ ತನಕ ಬೀಡಿ ಸೇದಿಕೊಂಡು ಕೂತು, ಆಮೇಲೆ ಅಳೆಯಬೇಕು. ಅಳತೆ ಮೈಕ್ರಾನಿನ ಲೆಕ್ಕದಲ್ಲಿ. ಒಂದು ತಲೆಗೂದಲನ್ನು ಎಪ್ಪತ್ತು ಸೀಳು ಸೀಳಿದರೆ ಅದರಲ್ಲಿ ಒಂದು ಸೀಳು ಅನ್ನಿ, ಅಷ್ಟು.

ಹೊಸದಾಗಿ ಬಂದವರು ಉಪಕರಣ ಇಟ್ಟು ಹುಡುಕುವ ಉಬ್ಬನ್ನು ದೊಡ್ಡಮುನಿಯಪ್ಪ ಅಂಗೈ ಆಡಿಸಿ ಹೇಳುತ್ತಿದ್ದ. ಇದನ್ನು ನಂಬದೆ ಪಂದ್ಯ ಕಟ್ಟಿ ಸೋತು ಟೀ ಕೊಡಿಸಿದ ಇಂಜಿನಿಯರುಗಳ ದೊಡ್ಡ ಪಟ್ಟಿಯೇ ಇತ್ತು.

ಸೇತುರಾಮಯ್ಯನವರದು ಒಂದು ಕಟ್ಟುನಿಟ್ಟು. ಪ್ರತಿ ಮೇಜಿನ ಜೊತೆ ಹೋಗುವ ಸರ್ಟಿಫಿಕೇಟಿನಲ್ಲಿ ಯಜಮಾನರ ಸಹಿ ಅಲ್ಲ, ಕಲ್ಲು ತಿಕ್ಕಿದವನ ಸಹಿ ಇರಬೇಕು. ‘ಮಾಡಿದವನು ಹೇಳಲಿ ಸಮ ಇದೆ ಅಂತ, ನಾನ್ಯಾರು ಹೇಳೋಕೆ’ ಅನ್ನುತ್ತಿದ್ದರಂತೆ. ಬೇರೆ ಯಾವ ಶೆಡ್ಡಿನಲ್ಲೂ ಈ ಪದ್ಧತಿ ಇರಲಿಲ್ಲ. ಹೆಬ್ಬೆಟ್ಟಿಗಿಂತ ಒಂದು ಮೆಟ್ಟಿಲು ಮೇಲಿದ್ದ ದೊಡ್ಡಮುನಿಯಪ್ಪ ತನ್ನ ಹೆಸರಿನ ಆರು ಅಕ್ಷರವನ್ನು ಒತ್ತು ಸಮೇತ ದುಂಡಗೆ ಬರೆಯಲು ಕಲಿತದ್ದು ಇದಕ್ಕೋಸ್ಕರ. ಪುಣೆಗೆ, ಕೊಯಮತ್ತೂರಿಗೆ, ಎಲ್ಲೆಲ್ಲಿಗೋ ಹೋದ ಕಲ್ಲುಗಳ ಜೊತೆ ಅವನ ಹೆಸರೂ ಕನ್ನಡದಲ್ಲೇ ಹೋಯಿತು. ಆಸ್ತಿ ಅಂತ ಅವನಿಗಿದ್ದದ್ದು ಅಷ್ಟೇ, ಅದರ ಬಗ್ಗೆ ಅವನಿಗೆ ಬೆಟ್ಟದಷ್ಟು ಜಂಬವಿತ್ತು. ಇರಲಿ ಬಿಡಿ, ಯಾರಿಗಿರುವುದಿಲ್ಲ?

ಸೇತುರಾಮಯ್ಯ ತೀರಿಕೊಂಡು ಮಗ ಶ್ರೀಕಾಂತ್ ಯಜಮಾನನಾದ. ಕೆಟ್ಟವನೇನಲ್ಲ, ಆದರೆ ಗಾಳಿ ಬಂದ ಕಡೆ ತೂರಿಕೊಳ್ಳುವ ಜಾತಿ. ಅವನ ಕಾಲದಲ್ಲೇ ಕೆಂಪಾಪುರದ ಆ ಕಂಪನಿಯ ಆರ್ಡರು ಬಂದದ್ದು.

ಆ ಕಂಪನಿಯವರು ಮಾಡುತ್ತಿದ್ದದ್ದು ಒಂದು ಹಾರುವ ರೋಬೋ. ರಾಗಿ ಡಬ್ಬದಷ್ಟು ಗಾತ್ರದ ಚೌಕ ಪೆಟ್ಟಿಗೆ, ಸುತ್ತಲೂ ಸಣ್ಣ ಸಣ್ಣ ಗಾಳಿಕಂಡಿ, ಒಳಗೆ ಫ್ಯಾನು. ಹೆಸರು ಪವನ. ಆಕಾಶದಲ್ಲಿ ಭೂಮಿಯನ್ನು ಸುತ್ತುವ ನಿಲ್ದಾಣದಲ್ಲಿ ಗಗನಯಾತ್ರಿಗಳು ಇರುತ್ತಾರಲ್ಲ, ಅವರ ಜೊತೆಗೆ ಇದು ತೇಲಾಡಿಕೊಂಡು ಇರಬೇಕು. ಅವರು ಕೆಲಸ ಮಾಡುವಾಗ ಕ್ಯಾಮೆರಾ ಹಿಡಿಯಬೇಕು, ಎಲ್ಲೋ ತೇಲಿ ಹೋದ ಸ್ಪ್ಯಾನರು ಹುಡುಕಬೇಕು, ಅವರು ಮಲಗಿದ್ದಾಗ ಒಳಗೆಲ್ಲ ಸುತ್ತಿ ಗಾಳಿ ಸರಿ ಇದೆಯೋ ಎಲ್ಲಾದರೂ ಸದ್ದು ಬರುತ್ತಿದೆಯೋ ನೋಡಿಕೊಳ್ಳಬೇಕು. ಕಂಪನಿಯ ಮುಖ್ಯಸ್ಥ ಅನಿಕೇತ್, ಮೂವತ್ತೈದು ದಾಟದವನು, ಮಾತಿನಲ್ಲಿ ಮಲ್ಲ. ಆ ಪೆಟ್ಟಿಗೆಯನ್ನು ನಿಜವಾಗಿ ಕಟ್ಟುತ್ತಿದ್ದವಳು ಮಹತಿ ಅನ್ನುವ ಇಂಜಿನಿಯರು. ಕಲ್ಲು ನೋಡುವುದಕ್ಕೆ ಶೆಡ್ಡಿಗೆ ಬಂದವಳು ಅವಳೇ.

ಅಲ್ಲಿ ಮೇಲೆ ಭಾರ ಅನ್ನುವುದೇ ಇಲ್ಲ, ಕೈಬಿಟ್ಟ ಲೋಟ ಬೀಳದೆ ಅಲ್ಲೇ ತೇಲುತ್ತದೆ ಅಂತ ಅವಳು ವಿವರಿಸಿದಾಗ, ಹಾಗಾದರೆ ನನ್ನ ಕಲ್ಲು ಯಾಕೆ ಬೇಕು ಅಂತ ದೊಡ್ಡಮುನಿಯಪ್ಪ ಕೇಳಿದ. ಮಹತಿ ನಕ್ಕಳು. ಇಲ್ಲಿ ಎಲ್ಲವೂ ಬೀಳುತ್ತದಲ್ಲ ಅದಕ್ಕೇ ಅಂದಳು. ಡಬ್ಬವನ್ನು ಒಂದು ಗಾಡಿಯ ಮೇಲೆ ಕೂರಿಸುತ್ತಾರೆ. ಗಾಡಿಗೆ ಚಕ್ರ ಇಲ್ಲ, ಅಡಿಯಿಂದ ಗಾಳಿ ಊದುತ್ತದೆ. ಕಲ್ಲು ಸಮ ಇದ್ದರೆ ಗಾಡಿ ಗಾಳಿಯ ಪೊರೆಯ ಮೇಲೆ ನಿಂತು, ಬಾಯಲ್ಲಿ ಉಫ್ ಅಂದರೂ ಜಾರಿ ಹೋಗುತ್ತದೆ. ಮೇಲೆ ಹೇಗೆ ತೇಲುತ್ತದೆ ಅನ್ನುವುದನ್ನು ಭೂಮಿಯ ಮೇಲೆ ನೋಡಬೇಕಾದರೆ ಅದೊಂದೇ ಉಪಾಯ. ಕಲ್ಲು ಒಂದಿಷ್ಟು ವಾಲಿದರೂ ಡಬ್ಬ ತಗ್ಗಿನ ಕಡೆ ಹೋಗುತ್ತದೆ, ಪರೀಕ್ಷೆ ಎಲ್ಲ ದಂಡ.

ಅವತ್ತು ಮನೆಗೆ ಹೋದವನು ಹೆಂಡತಿ ಮಾರಮ್ಮನಿಗೆ ಅರ್ಧ ಗಂಟೆ ಇದನ್ನೇ ಹೇಳಿದ. ಮಾರಮ್ಮ ಎಲ್ಲ ಕೇಳಿಸಿಕೊಂಡು, “ಮ್ಯಾಕ್ಕೆ ಓಗೋದು ಡಬ್ಬ, ನೀನಲ್ಲ. ಇಟ್ಟು ಆರೋಗ್ತೈತೆ, ಉಣ್ಣು” ಅಂದಳು. ಮಗಳು ಸುಮಾ, ಯಶವಂತಪುರದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಮಾತ್ರ ಫೋನಿನಲ್ಲಿ ಅಂಥ ರೋಬೋಗಳ ವಿಡಿಯೋ ಹುಡುಕಿ ಅಪ್ಪನಿಗೆ ತೋರಿಸಿದಳು.

ಆರೂವರೆ ಅಡಿ ಉದ್ದ, ಅಷ್ಟೇ ಅಗಲ, ಮೂರೂವರೆ ಟನ್ ತೂಕದ ಕಲ್ಲು. ಅದನ್ನು ಅವನು ಎರಡು ತಿಂಗಳು ತಿಕ್ಕಿದ. ಕೆಂಪಾಪುರಕ್ಕೆ ಸಾಗಿಸಿ ಕೂರಿಸಿದ ಮೇಲೆ ನಾಲ್ಕು ದಿನ ಕಲ್ಲನ್ನು ಹಾಗೇ ಬಿಟ್ಟು, ಮತ್ತೆ ಅಳೆದು, ಎಲ್ಲಿ ಇಟ್ಟರೂ ಮೂರು ಮೈಕ್ರಾನಿನ ಒಳಗೆ ಅಂತ ಬರೆದು ಆರು ಅಕ್ಷರ ಹಾಕಿದ. ತನ್ನ ಜೀವಮಾನದಲ್ಲಿ ಇಂಥ ಕಲ್ಲು ಇನ್ನೊಂದು ಮಾಡಿಲ್ಲ ಅಂತ ಅವನೇ ಹೇಳುತ್ತಿದ್ದ. ಅದು ಸುಳ್ಳಲ್ಲ.

ಒಂದೂವರೆ ತಿಂಗಳ ಮೇಲೆ ಒಂದು ಗುರುವಾರ ಶ್ರೀಕಾಂತನಿಗೆ ಫೋನು ಬಂತು. ಕಲ್ಲು ಡೊಂಕು, ಡಬ್ಬ ನೇರ ಹೋಗುತ್ತಿಲ್ಲ, ಬರುವ ಬುಧವಾರ ಹಣ ಹೂಡುವವರೂ ಮೇಲಕ್ಕೆ ಕಳಿಸುವವರೂ ನೋಡಲು ಬರುತ್ತಾರೆ, ಈಗ ಏನು ಮಾಡ್ತೀರೋ ಮಾಡಿ ಅಂತ. ಮಾರನೆಯ ಬೆಳಗ್ಗೆ ಯಜಮಾನ, ಕೆಲಸಗಾರ ಇಬ್ಬರೂ ಹೋದರು. ನಿಜ, ಡಬ್ಬವನ್ನು ಕಲ್ಲಿನ ಈ ತುದಿಯಲ್ಲಿ ಬಿಟ್ಟರೆ ಆ ತುದಿಗೆ ಹೋಗುವಷ್ಟರಲ್ಲಿ ಗೇಣುದ್ದ ಎಡಕ್ಕೆ ಸರಿಯುತ್ತಿತ್ತು. ಅನಿಕೇತ್ ಕೈಕಟ್ಟಿಕೊಂಡು, ನಿಮ್ಮ ಸರ್ಟಿಫಿಕೇಟು ನಂಬಿ ಕೆಟ್ಟೆವು ಅಂದ. ಸರ್ಟಿಫಿಕೇಟು ಅನ್ನುವ ಮಾತು ಕೇಳಿದ್ದೇ ದೊಡ್ಡಮುನಿಯಪ್ಪನ ಮುಖ ಕಪ್ಪಿಟ್ಟಿತು. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರ ತನಕ ಕಲ್ಲಿನ ಮೈಯನ್ನೆಲ್ಲ ಅಳೆದ. ಕೂದಲೆಳೆಯಷ್ಟೂ ಕದಲಿರಲಿಲ್ಲ.

ಈಗ ಒಂದು ಮಾತು ಹೇಳಬೇಕು. ರಸಮಟ್ಟ ಇಟ್ಟು ನೋಡುವ ಯಾವ ಗಾರೆಯವನನ್ನು ಬೇಕಾದರೂ ಕೇಳಿ, ನೆಲ ಡೊಂಕು ಅಂತ ಕಂಡರೆ ಅವನು ಮೊದಲು ರಸಮಟ್ಟವನ್ನೇ ತಿರುಗಿಸಿ ಇಟ್ಟು ನೋಡುತ್ತಾನೆ. ಗುಳ್ಳೆ ಮತ್ತೆ ಅದೇ ಗೋಡೆಯ ಕಡೆ ಹೋದರೆ ತಪ್ಪು ನೆಲದ್ದು. ಆಚೆ ಗೋಡೆಯ ಕಡೆ ಹೋದರೆ ತಪ್ಪು ರಸಮಟ್ಟದ್ದು. ಇಷ್ಟು ಸಣ್ಣ ವಿಷಯ ಆ ಗಾಜಿನ ಕಟ್ಟಡದ ಇಪ್ಪತ್ತು ಜನಕ್ಕೆ ಹೊಳೆದಿರಲಿಲ್ಲ.

“ಡಬ್ಬಾನ ತಿರುಗ್ಸಿ ಬಿಡಿ ತಾಯಿ. ಮುಂದ್ಲು ಇಂದಕ್ಕೆ ಮಾಡಿ” ಅಂದ ದೊಡ್ಡಮುನಿಯಪ್ಪ ಮಹತಿಗೆ.

ಅವಳು ಪವನನ ಮುಖ ಹಿಂದು ಮುಂದು ಮಾಡಿ ಬಿಟ್ಟಳು. ಅದು ಈಗ ಆಚೆ ಗೋಡೆಯ ಕಡೆ ಸರಿಯಿತು. ಇನ್ನೊಂದು ಸಲ ಬಿಟ್ಟಳು, ಮತ್ತೆ ಆಚೆಗೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮಹತಿ ಡಬ್ಬ ಬಿಚ್ಚಿದಳು. ಒಂದು ಬದಿಯ ಗಾಳಿಕಂಡಿಯ ಮುಚ್ಚಳ ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ, ಅಲ್ಲಿಂದ ಸದಾ ಒಂದಿಷ್ಟು ಗಾಳಿ ಸೋರಿ ಡಬ್ಬವನ್ನು ಎಡಕ್ಕೆ ದೂಡುತ್ತಿತ್ತು. ಹೊಸ ಮುಚ್ಚಳ ಎರಕ ಹೊಯ್ದು ಬರುವುದಕ್ಕೆ ಆರು ವಾರ ಬೇಕು, ಬುಧವಾರಕ್ಕೆ ಉಳಿದಿದ್ದದ್ದು ಐದೇ ದಿನ.

ಇಲ್ಲಿಗೆ ಕಥೆ ಮುಗಿದು, ಅವನು ಗೆದ್ದು ಮನೆಗೆ ಬರಬೇಕಿತ್ತು. ಬಡವನ ಗೆಲುವಿಗೆ ಎಲ್ಲಿದೆ ಅಷ್ಟು ಆಯಸ್ಸು? ಅನಿಕೇತ್ ಶ್ರೀಕಾಂತನನ್ನು ಗಾಜಿನ ಕೋಣೆಗೆ ಕರೆದುಕೊಂಡು ಹೋಗಿ ಮುಕ್ಕಾಲು ಗಂಟೆ ಮಾತಾಡಿದ. ಹೊರಗೆ ಬಂದ ಶ್ರೀಕಾಂತ್ ದೊಡ್ಡಮುನಿಯಪ್ಪನನ್ನು ಟೀ ಕುಡಿಯಲು ರಸ್ತೆಗೆ ಕರೆತಂದ.

“ಮುನಿಯಪ್ಪಣ್ಣ, ಎರಡೇ ದಾರಿ ಇರೋದು” ಅಂದ. “ಒಂದು, ಕಲ್ಲೇ ಸರಿಯಿಲ್ಲ ಅಂತ ನಾವು ಬರ್ಕೊಡ್ಬೇಕು. ಅದನ್ನ ತೋರಿಸಿ ಅವರು ಡೆಮೋ ಮುಂದಕ್ಕೆ ಹಾಕಿಸ್ಕೋತಾರೆ. ಇಲ್ಲ ಅಂದ್ರೆ, ಡಬ್ಬ ನೇರ ಹೋಗೋ ಹಾಗೆ ಕಲ್ಲನ್ನೇ ಒಂಚೂರು ತಗ್ಗು ಮಾಡ್ಬೇಕು. ಅವತ್ತು ಅದು ಒಂದೇ ದಿಕ್ಕಿಗೆ ಮುಖ ಮಾಡ್ಕೊಂಡು ಹೋಗತ್ತೆ. ನೋಡೋಕೆ ಬರೋರು ನಾಲ್ಕು ಮೂಲೆ ಅಷ್ಟೇ ಚೆಕ್ ಮಾಡೋದು.”

ದೊಡ್ಡಮುನಿಯಪ್ಪ ಟೀ ಲೋಟ ಕೆಳಗಿಟ್ಟ. ನೆಟ್ಟಗಿರುವ ಕಲ್ಲನ್ನು ಡೊಂಕು ಅಂತ ತಾನೇ ಬರೆದುಕೊಡಬೇಕು. ಇಲ್ಲವೇ ನೆಟ್ಟಗಿರುವ ಕಲ್ಲನ್ನು ತಾನೇ ಡೊಂಕು ಮಾಡಿ ನೆಟ್ಟಗಿದೆ ಅಂತ ಬರೆದುಕೊಡಬೇಕು. ಮೂರನೆಯದು ಒಂದಿತ್ತು, ಎರಡೂ ಆಗಲ್ಲ ಅಂತ ಎದ್ದು ಬರುವುದು. ಹಾಗೆ ಬಂದರೆ ಕಲ್ಲು ತಿರಸ್ಕರಿಸಿ ಶೆಡ್ಡಿಗೆ ವಾಪಸು ಕಳಿಸುತ್ತಾರೆ, ಕಾರಣ ಅವರೇ ಬರೆದುಕೊಳ್ಳುತ್ತಾರೆ, ಆಗಲೂ ಅದು ಡೊಂಕು ಕಲ್ಲೇ ಅಂತ ಶ್ರೀಕಾಂತ್ ಬಿಡಿಸಿ ಹೇಳಿದ.

ಮಹತಿ ಹಿಂದಿನಿಂದ ಬಂದು ನಿಂತಿದ್ದಳು. ಅವಳಿಗೆ ನಾಚಿಕೆಯಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. “ಡೆಮೋ ಒಂದು ಮುಗೀಲಿ ಅಂಕಲ್. ಮುಚ್ಚಳ ಬದಲಾಯಿಸಿ, ನಿಮ್ಮನ್ನೇ ಕರೆಸಿ ಕಲ್ಲು ಮೊದಲಿನ ಹಾಗೆ ಮಾಡಿಸ್ತೀನಿ. ಪ್ರಾಮಿಸ್” ಅಂದಳು.

“ಮ್ಯಾಲೆ ಕಲ್ಲೈತಾ ತಾಯಿ?” ಅಂತ ಕೇಳಿದ ದೊಡ್ಡಮುನಿಯಪ್ಪ.

ಅವಳು ಟೀ ದುಡ್ಡು ಕೊಟ್ಟು ಒಳಗೆ ಹೋದಳು.

ಮನೆಯಲ್ಲಿ ಮಾರಮ್ಮ ಎಗರಾಡಿದಳು. ಕುಂಟುವುದು ಅವರ ಡಬ್ಬ, ಬಗ್ಗಬೇಕಾದ್ದು ನಿನ್ನ ಕಲ್ಲಾ? ಬರೆದುಕೊಟ್ಟು ಬಾ ಡೊಂಕು ಅಂತ, ಏನು ಗಂಟು ಹೋಗುತ್ತೆ? ನಾಲ್ಕು ದಿನ ಆಡಿಕೊಂಡು ಸುಮ್ಮನಾಗುತ್ತಾರೆ ಅಂದಳು. ಅವತ್ತು ಅವನಿಗೆ ಸಲಹೆ ಕೊಟ್ಟ ಮೂರು ಜನರ ಪೈಕಿ ಬುದ್ಧಿವಂತಿಕೆಯ ಮಾತು ಆಡಿದವಳು ಅವಳೊಬ್ಬಳೇ. ಆದರೆ ದೊಡ್ಡಮುನಿಯಪ್ಪನಿಗೆ ಆ ಒಂದು ಕಾಗದ ನುಂಗಲಾರದ ತುತ್ತಾಯಿತು. ದೊಡ್ಡಮುನಿಯಪ್ಪನ ಕಲ್ಲು ಡೊಂಕು ಅಂತ, ಕೆಳಗೆ ಅವನದೇ ಸಹಿ ಇರುವ ಕಾಗದ ಯಾವುದೋ ಫೈಲಿನಲ್ಲಿ ಕೂತಿರುತ್ತದೆ ಅನ್ನುವುದನ್ನು ಅವನು ಎಣಿಸಿಕೊಳ್ಳಲಾರದೆ ಹೋದ. ಕಲ್ಲು ಡೊಂಕಾದರೆ ಅದು ಎರಡು ತಿಂಗಳ ಮಾತು, ಮಹತಿ ಮಾತು ಕೊಟ್ಟಿದ್ದಾಳೆ, ಮತ್ತೆ ಸರಿ ಮಾಡಬಹುದು. ಕಾಗದ ಡೊಂಕಾದರೆ ಮುಗಿಯಿತು. ಹೀಗೆ ಲೆಕ್ಕ ಹಾಕಿದ. ಹೆಸರಿನ ಹುಚ್ಚು ಹಿಡಿದವನು ಹೆಸರು ಉಳಿಸಿಕೊಳ್ಳಲು ಹೋಗಿಯೇ ಕಳೆದುಕೊಳ್ಳುತ್ತಾನೆ, ಅವನಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ.

ಶನಿವಾರ, ಭಾನುವಾರ ಎರಡೂ ದಿನ ಬೆಳಗ್ಗೆ ಗೊರಗುಂಟೆಪಾಳ್ಯದಲ್ಲಿ ಬಸ್ಸು ಬದಲಿಸಿಕೊಂಡು ಕೆಂಪಾಪುರಕ್ಕೆ ಹೋದ. ಆಫೀಸಿನಲ್ಲಿ ವಾಚ್‌ಮನ್ ಬಿಟ್ಟರೆ ಇನ್ನೊಂದು ನರಪಿಳ್ಳೆ ಇರಲಿಲ್ಲ. ಡಬ್ಬ ಹಾಯುವ ನಡುವಿನ ಪಟ್ಟಿಯನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿದ. ಡಬ್ಬ ಎಡಕ್ಕೆ ಎಳೆಯುತ್ತದೆ, ಆದ್ದರಿಂದ ನೆಲ ಬಲಕ್ಕೆ ಇಳಿಯಬೇಕು. ಎಡದಿಂದ ಬಲಕ್ಕೆ ಹೋಗುತ್ತ ಹೋಗುತ್ತ ತಗ್ಗು, ಅತಿ ತಗ್ಗಿನಲ್ಲಿ ಹನ್ನೊಂದು ಮೈಕ್ರಾನ್, ಆಮೇಲೆ ಕಲ್ಲಿನ ಅಂಚಿಗೆ ಬರುವಷ್ಟರಲ್ಲಿ ಮತ್ತೆ ಸಮ. ಎಷ್ಟು ಬೇಕು ಅನ್ನುವ ಲೆಕ್ಕ ಮಹತಿ ಬಾಯಲ್ಲಿ ಹೇಳಿದ್ದಳು, ಬರೆದುಕೊಟ್ಟಿರಲಿಲ್ಲ.

ಮೊದಲ ಸಲ ಕಬ್ಬಿಣದ ಪಟ್ಟಿ ಎಳೆದಾಗ ಅವನ ಕೈ ಓಡಲಿಲ್ಲ. ಮೂವತ್ತನಾಲ್ಕು ವರ್ಷ ಉಬ್ಬು ಹುಡುಕಿದ ಅಂಗೈಗೆ ತಿಕ್ಕುವುದಕ್ಕೆ ಉಬ್ಬೇ ಸಿಗಲಿಲ್ಲ. ಸಮ ಇರುವ ಕಡೆ ಸುಮ್ಮನೆ ತಿಕ್ಕಬೇಕು. ಒಂದು ಗಳಿಗೆ ಕೂತು ಅತ್ತ. ಹೌದು, ಅತ್ತ, ಅದರಲ್ಲಿ ಮುಚ್ಚಿಡುವಂಥದ್ದೇನಿದೆ? ಕಂಡವರ ಮನೆಯ ಮಗುವಿಗೆ ಹೊಡೆದ ಹಾಗಾಯಿತು ಅಂತ ಆಮೇಲೆ ಮಾರಮ್ಮನ ಹತ್ತಿರ ಹೇಳಿಕೊಂಡನಂತೆ. ಆಮೇಲೆ ಮೂಗು ಒರೆಸಿಕೊಂಡು ಕೆಲಸಕ್ಕೆ ಇಳಿದ. ಇಳಿದ ಮೇಲೆ ಅವನ ಸ್ವಭಾವ ಅವನನ್ನು ಬಿಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಕೆರೆದು ಕೈ ತೊಳೆದುಕೊಳ್ಳುತ್ತಿದ್ದರು. ಇವನು ಕಲ್ಲು ಬಿಸಿಯಾದಾಗಲೆಲ್ಲ ನಿಲ್ಲಿಸಿ, ತಣ್ಣಗಾದ ಮೇಲೆ ಅಳೆದು, ಮತ್ತೆ ತಿಕ್ಕಿ, ಡೊಂಕನ್ನೂ ಅಚ್ಚುಕಟ್ಟಾಗಿ ಮಾಡಿದ. ಭಾನುವಾರ ಸಂಜೆ, ನೋಡಲು ಬರುವವರಿಗೆ ಕೊಡಲು ಅಂತ, ಹೊಸ ಸರ್ಟಿಫಿಕೇಟು ಬಂತು, ಎಲ್ಲಿ ಇಟ್ಟರೂ ಮೂರು ಮೈಕ್ರಾನಿನ ಒಳಗೆ. ಆರು ಅಕ್ಷರ ಹಾಕಿದ. ಒತ್ತು ಸ್ವಲ್ಪ ಸೊಟ್ಟಗಾಯಿತು.

ಬುಧವಾರ ಅವನನ್ನು ಬಾಗಿಲ ಹತ್ತಿರ ನಿಲ್ಲಲು ಬಿಟ್ಟರು. ಬಂದವರು ಮೂಲೆಗಳಲ್ಲಿ ರಸಮಟ್ಟ ಇಟ್ಟು ತಲೆಯಾಡಿಸಿದರು. ಪವನ ಈ ತುದಿಯಿಂದ ಆ ತುದಿಗೆ ದಾರ ಹಿಡಿದಂತೆ ನೇರ ಹೋಯಿತು, ಮುಖ ತಿರುಗಿಸದೆ ನೇರ ವಾಪಸು ಬಂತು. ಚಪ್ಪಾಳೆ ಬಿತ್ತು. ಅನಿಕೇತ್ ತನ್ನ ತಂಡದ ಒಬ್ಬೊಬ್ಬರ ಹೆಸರು ಹೇಳಿ ಕೈಕುಲುಕಿದ. ಬಾಗಿಲ ಹತ್ತಿರ ನಿಂತವನು ಮಾತ್ರ ಕಲ್ಲನ್ನೇ ನೋಡುತ್ತಿದ್ದ, ಯಾಕೆಂದರೆ ಆ ಕೋಣೆಯಲ್ಲಿ ಯಾವುದು ನೇರ ಯಾವುದು ಡೊಂಕು ಅಂತ ಸರಿಯಾಗಿ ಗೊತ್ತಿದ್ದವರು ಮೂರ್ನಾಲ್ಕು ಜನ, ಅವರಲ್ಲಿ ನಿದ್ದೆ ಕೆಟ್ಟವನು ಅವನೊಬ್ಬನೇ.

ಕರೆ ಬರುತ್ತದೆ ಅಂತ ಕಾದ. ಒಂದು ತಿಂಗಳಾಯಿತು, ಎರಡಾಯಿತು. ತಾನೇ ಫೋನು ಮಾಡಿದ. ಮುಂದಿನ ವಾರ ಅಂಕಲ್ ಅಂದಳು ಮಹತಿ. ಮತ್ತೊಮ್ಮೆ ಮಾಡಿದಾಗ, ಮುಚ್ಚಳ ಬದಲಾಯಿಸೋಣ ಅಂತ ಹೇಳಿದ್ದೀನಿ, ನೇರ ಹೋಗ್ತಿರೋದನ್ನ ಯಾಕೆ ಬಿಚ್ಚೋದು ಅಂತಾರೆ ಅಂದಳು. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟಳು. ಅಷ್ಟರಲ್ಲಿ ಆ ಡೊಂಕು ಕಲ್ಲಿನ ಮೇಲೇ, ಅದೇ ಒಂದು ದಿಕ್ಕಿಗೆ ಮುಖ ಮಾಡಿಸಿ, ಡಬ್ಬಕ್ಕೆ ನಡಿಗೆಯೆಲ್ಲ ಕಲಿಸಿ ಮುಗಿಸಿದ್ದರು. ರಾಕೆಟ್ಟಿನಲ್ಲಿ ಒಂದು ಜಾಗ ನಿಗದಿಗಿಂತ ಮೊದಲೇ ಸಿಕ್ಕಿತು. ಹೊಸ ಮುಚ್ಚಳದ ಮಾತು ಮುಂದಿನ ಮಾದರಿಗೆ ಅಂತ ಪಕ್ಕಕ್ಕೆ ಹೋಯಿತು.

ಪವನ ಮೇಲಕ್ಕೆ ಹೋದ ದಿನ ಸುಮಾ ಅಪ್ಪನಿಗೆ ಫೋನಿನಲ್ಲಿ ತೋರಿಸಿದಳು. ಅವನು ಕೈಮುಗಿದು, ದೇವರೇ ಆ ಮುಚ್ಚಳ ತಾನಾಗೇ ಮುಚ್ಚಿಕೊಳ್ಳಲಿ ಅಂತ ಕೇಳಿಕೊಂಡ. ದೇವರಿಗೆ ಬೇರೆ ಕೆಲಸ ಇತ್ತೋ ಏನೋ.

ಅಲ್ಲಿ ಮೇಲೆ ಕಲ್ಲಿರಲಿಲ್ಲ. ಪವನ ಮೊದಲ ದಿನವೇ ಎಡಗೋಡೆಗೆ ಹೋಗಿ ಅಂಟಿಕೊಂಡಿತು. ಬಿಡಿಸಿ ಬಿಟ್ಟರೆ ಮತ್ತೆ ಎಡಗೋಡೆಗೆ. ನೆರವಿಗೆ ಅಂತ ಹೋದದ್ದನ್ನು ಗಗನಯಾತ್ರಿಗಳೇ ಹಿಂದೆ ಹಿಂದೆ ಹೋಗಿ ಹಿಡಿದು ತರಬೇಕಾಯಿತು. ಮೂರನೆಯ ದಿನ ಅವರು ಅದನ್ನು ಆರಿಸಿ, ಒಂದು ಚೀಲದಲ್ಲಿ ಹಾಕಿ, ಹಗ್ಗ ಬಿಗಿದು ಕಟ್ಟಿಟ್ಟರಂತೆ. ಕೆಂಪಾಪುರದಲ್ಲಿ ಗೋಳಾಟ ಶುರುವಾಯಿತು.

ಹಣ ಹೂಡಿದವರು ವಿಚಾರಣೆಗೆ ಗಯಾಸ್ ಸಾಹೇಬರನ್ನು ಕಳಿಸಿದರು. ಅಳತೆಯ ಉಪಕರಣಗಳ ಕೆಲಸದಲ್ಲೇ ತಲೆ ಬೆಳ್ಳಗಾದ ಮನುಷ್ಯ, ಆರ್.ಟಿ. ನಗರದವರು, ಒಬ್ಬರ ಮುಲಾಜಿಗೂ ಬೀಳದವರು. ಅವರು ಮೂಲೆ ನೋಡಿ ಎದ್ದು ಬರುವ ಪೈಕಿ ಅಲ್ಲ. ಎರಡು ದಿನ ಕೂತು ಕಲ್ಲಿನ ಇಡೀ ಮೈಯ ನಕ್ಷೆ ತೆಗೆದರು. ಮೂರನೆಯ ದಿನ ಎಲ್ಲರನ್ನೂ ಕರೆಸಿದರು. ದೊಡ್ಡಮುನಿಯಪ್ಪನೂ ಒಗೆದ ಬಿಳಿ ಅಂಗಿ ಹಾಕಿಕೊಂಡು ಹೋದ. ಸತ್ಯ ಹೇಳುವುದಕ್ಕೆ ಕೊನೆಗೂ ಒಂದು ಜಾಗ ಸಿಕ್ಕಿತು ಅಂತ ಅವನಿಗೆ ಒಳಗೊಳಗೇ ಸಮಾಧಾನವಿತ್ತು.

ಎಲ್ಲ ಹೇಳಿದ. ಡಬ್ಬ ತಿರುಗಿಸಿದ್ದು, ಮುಚ್ಚಳ ಸೋರಿದ್ದು, ಟೀ ಅಂಗಡಿ, ಶನಿವಾರ, ಭಾನುವಾರ.

“ಎಷ್ಟು ತೆಗೆದ್ರಿ?” ಅಂತ ಕೇಳಿದರು ಗಯಾಸ್ ಸಾಹೇಬರು.

“ಅತಿ ತಗ್ಗಲ್ಲಿ ಅನ್ನೊಂದು ಸಾಹೇಬ್ರೆ.”

ಸಾಹೇಬರು ತಮ್ಮ ನಕ್ಷೆ ತಿರುಗಿಸಿ ಅವನ ಮುಂದಿಟ್ಟರು. ಹನ್ನೊಂದು ಪಾಯಿಂಟ್ ಎರಡು ಅಂತ ಇತ್ತು. ಕನ್ನಡಕ ತೆಗೆದು ಅವನ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, ನಲವತ್ತು ವರ್ಷದ ಸರ್ವೀಸಿನಲ್ಲಿ ಇಂಥ ಕೈ ನೋಡಿಲ್ಲ ಅಂದರು. ದೊಡ್ಡಮುನಿಯಪ್ಪ ಹಿಗ್ಗಿದ. ಪಾಪ, ಹಿಗ್ಗಬಾರದಿತ್ತು.

ಆಮೇಲೆ ಮಿಕ್ಕವರ ಸರದಿ. ಅನಿಕೇತ್, ನಮಗೆ ಕೊಟ್ಟದ್ದು ಸರ್ಟಿಫಿಕೇಟು, ಅದನ್ನು ನಂಬಿದೆವು ಅಂದ. ಶ್ರೀಕಾಂತ್, ಆ ಭಾನುವಾರ ಇವರನ್ನು ಕಲ್ಲು ಒರೆಸಿ ಬರಲು ಮಾತ್ರ ಕಳಿಸಿದ್ದೆ ಅಂದ. ಅಪ್ಪ ಕಟ್ಟಿದ ಶೆಡ್ಡಿನ ಯಜಮಾನ ಈ ಮಾತು ಹೇಳುವಾಗ ನೆಲ ನೋಡಿಕೊಂಡಿದ್ದ, ಅಷ್ಟರಮಟ್ಟಿಗೆ ಮರ್ಯಾದಸ್ಥ. ದೊಡ್ಡಮುನಿಯಪ್ಪ ಮಹತಿಯ ಕಡೆ ನೋಡಿದ. ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ನನಗೆ ಸರಿಯಾಗಿ ನೆನಪಿಲ್ಲ ಸರ್” ಅಂದಳು. ಇಲ್ಲ ಅಂದಿದ್ದರೂ ವಾಸಿಯಿತ್ತು, ಅದಕ್ಕೆ ಎದುರು ಮಾತಾಡಬಹುದಿತ್ತು. ನೆನಪಿಲ್ಲ ಅಂದವರ ಹತ್ತಿರ ಏನು ಜಗಳ ಆಡುತ್ತೀರಿ?

ಆಗ ಅವನು ಕೊನೆಯ ಆಸರೆಯಾಗಿ, ಪವನನ ಜೊತೆಯಲ್ಲೇ ಅದೇ ಅಚ್ಚಿನಲ್ಲಿ ಮಾಡಿದ ಜೋಡಿ ಡಬ್ಬ ಒಂದು ಇಲ್ಲೇ ಇದೆಯಲ್ಲ, ಅದನ್ನು ಕಲ್ಲಿನ ಮೇಲೆ ಬಿಡಿ, ತಿರುಗಿಸಿ ತಿರುಗಿಸಿ ಬಿಡಿ, ತಪ್ಪು ಯಾರದ್ದು ಅಂತ ಅದೇ ಹೇಳುತ್ತದೆ ಅಂದ. ಬಿಟ್ಟರು. ಬಲಕ್ಕೆ ಸರಿಯಿತು. ತಿರುಗಿಸಿ ಬಿಟ್ಟರು. ಮತ್ತೆ ಅದೇ ಗೋಡೆಯ ಕಡೆಗೇ ಸರಿಯಿತು. ಜೋಡಿ ಡಬ್ಬಕ್ಕೆ ಹಿಂದಿನ ವಾರವೇ ಹೊಸ ಮುಚ್ಚಳ ಹಾಕಿ ಮುಗಿಸಿದ್ದರು. ಮೇಲಿರುವುದರ ಹಳೆಯ ಮುಚ್ಚಳ ನೋಡಬೇಕಾದರೆ ಆಕಾಶಕ್ಕೆ ಏಣಿ ಹಾಕಬೇಕಿತ್ತು.

ಯಾರು ಹೇಳಿ ಮಾಡಿಸಿದರು ಅನ್ನುವುದಕ್ಕೆ ಒಂದು ಚೀಟಿ, ಒಂದು ಮೆಸೇಜು, ಏನಾದರೂ ಇದೆಯೇ ಅಂತ ಸಾಹೇಬರು ಎರಡು ಸಲ ಕೇಳಿದರು. ಅವರಿಗೆ ಇವನನ್ನು ನಂಬುವ ಆಸೆಯಿತ್ತು ಅಂತಲೇ ಅನಿಸುತ್ತದೆ. ಆದರೆ ಮೇಜಿನ ಮೇಲೆ ಇದ್ದ ಕಾಗದ ಒಂದೇ, ಅದರ ಕೆಳಗೆ ಆರು ಅಕ್ಷರ ಮಾತ್ರ ಇತ್ತು.

ವರದಿ ಬರುವ ಮೊದಲೇ ಶ್ರೀಕಾಂತ್ ಶೆಡ್ಡಿಗೆ ಬರಬೇಡಿ ಅಂತ ಹೇಳಿಕಳಿಸಿದ. ದೊಡ್ಡಮುನಿಯಪ್ಪ ತುಮಕೂರು ರಸ್ತೆಯ ಬೇರೆ ಶೆಡ್ಡುಗಳಲ್ಲಿ ಕೆಲಸ ಕೇಳಿದ. ಗೊತ್ತಿಲ್ಲದೆ ತಪ್ಪು ಮಾಡಿದವನಾದರೆ ಇಟ್ಟುಕೊಳ್ಳಬಹುದು, ಗೊತ್ತಿದ್ದು ಮಾಡುವವನ ಕೈಗೆ ಕಲ್ಲು ಹೇಗೆ ಕೊಡುವುದು ಅಂದರು. ಈಗ ಅವನು ಹೊಸ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆಮನೆಯ ಕಟ್ಟೆಗೆ ಗ್ರಾನೈಟು ಕೂರಿಸುತ್ತಾನೆ. ಅಲ್ಲಿ ಸರ್ಟಿಫಿಕೇಟು ಯಾರೂ ಕೇಳುವುದಿಲ್ಲ.

ವರದಿಯ ಒಂದು ಪ್ರತಿ ಅವನ ಮನೆಗೂ ಅಂಚೆಯಲ್ಲಿ ಬಂತು. ಇಂಗ್ಲಿಷಿನಲ್ಲಿತ್ತು. ಸುಮಾ ಕೆಲಸದಿಂದ ಬಂದವಳು ಒಂದೊಂದೇ ಸಾಲು ಕನ್ನಡ ಮಾಡಿ ಓದಿದಳು. ಕಂಪನಿ ಪ್ರಾಮಾಣಿಕವಾಗಿ ನಡೆದುಕೊಂಡಿದೆ. ಶೆಡ್ಡಿನ ಮೇಲ್ವಿಚಾರಣೆ ಸಾಲದು. ಮೂರನೆಯ ಪುಟಕ್ಕೆ ಬಂದಾಗ ಅವಳ ದನಿ ಇಳಿಯಿತು. “ಇಷ್ಟು ನಿಖರವಾದ ತಗ್ಗು ಕೈತಪ್ಪಿನಿಂದ ಆಗುವಂಥದ್ದಲ್ಲ. ಇದು ಅತ್ಯಂತ ನುರಿತ ಕೈಯೊಂದು ಅಳೆದು, ತಿಳಿದು, ಬೇಕೆಂದೇ ಮಾಡಿದ ಕೆಲಸ. ಇಂಥ ಕೈ ಈ ದೇಶದಲ್ಲಿ ಇನ್ನೊಂದು ಇರಲಾರದು, ಆದ್ದರಿಂದ ಹೊಣೆ ಯಾರದೆಂಬುದರಲ್ಲಿ ಸಂಶಯವಿಲ್ಲ.”

ಮಾರಮ್ಮ ಕೆಂಪಾಪುರದವರ ವಂಶವನ್ನೆಲ್ಲ ಎತ್ತಿ ಬೈಯತೊಡಗಿದಳು. ದೊಡ್ಡಮುನಿಯಪ್ಪ ಅವಳಿಗೆ ಸುಮ್ಮನಿರು ಅಂತ ಕೈ ಸನ್ನೆ ಮಾಡಿದ.

“ಇಂಥ ಕೈ ಇನ್ನೊಂದಿಲ್ಲ ಅಂತ ಅವರೇ ಬರ್ದವ್ರಾ, ನೀನ್ ಸೇರಿಸ್ದ್ಯಾ?”

“ಅವರೇ ಬರ್ದಿದ್ದಾರಪ್ಪ.”

“ಅದೊಂದ್ ಸಾಲು ಇನ್ನೊಂದ್ ಕಿತ ಓದವ್ವ” ಅಂದ.

ಸುಮಾ ಓದಿದಳು. ಮೂವತ್ತನಾಲ್ಕು ವರ್ಷದಲ್ಲಿ ಅವನ ಕೈಯ ಬಗ್ಗೆ ಯಾರಾದರೂ ಕಾಗದದ ಮೇಲೆ ಬರೆದದ್ದು ಅದೊಂದೇ, ಮತ್ತು ಅದನ್ನು ಅವನು ಯಾರಿಗೂ ತೋರಿಸುವ ಹಾಗಿರಲಿಲ್ಲ.